ವೈನ್ ಬಾಟಲಿಗೆ ಬಟ್ಟೆಯ ಉಡುಗೊರೆ ಚೀಲ: ಹೊಲಿಯುವ ಕ್ರಮ

ಮಂಗಳೂರು: ಕ್ರಿಸ್ಮಸ್‌ಗೆ ನೆರೆಹೊರೆಯವರಿಗೆ ಕುಸ್ವಾರ್ ಹಂಚುವುದು ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ನಡೆದುಬಂದ ವಾಡಿಕೆ. ನೆವ್ರಿ, ಕಿಡಿಯೊ, ತುಕ್ಡಿಗಳ ಜೊತೆಗೆ ಆಪ್ತರಿಗೆ ಒಂದು ಬಾಟಲಿ ದ್ರಾಕ್ಷಿ ವೈನ್ ಕೊಡುವುದೂ ಉಂಟು. ಆ ಬಾಟಲಿಗೆ ಚಂದದ ಬಟ್ಟೆಯ ಚೀಲವನ್ನು ಮನೆಯಲ್ಲೇ ಹೊಲಿಯಬಹುದು. ಸ್ತ್ರೀ ಸಂಘಟನೆ, ಯುವ ಸಂಘಟನೆಗಳ ಮಾರಾಟ ಮಳಿಗೆಗೂ ಇದು ಒಳ್ಳೆಯ ವಸ್ತು.

ಸಮಾರಂಭಗಳಲ್ಲಿ ಸಿಕ್ಕಿ ಕಪಾಟಿನಲ್ಲೇ ಉಳಿದ ಬ್ಲೌಸ್ ಪೀಸ್‌ಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ನೇಯುವಂಥ ಉಡುಪಿ ಸೀರೆ ಹಳೆಯದಾಗಿದ್ದರೆ ಅದರ ಅಂಚು, ಸೆರಗು ಇನ್ನೂ ಚೆನ್ನ. ಆದರೆ ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲ ಬಟ್ಟೆಯಲ್ಲ, ಪ್ಲಾಸ್ಟಿಕ್. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಲಾಗಿದೆ.

750 ಮಿ.ಲೀ. ಬಾಟಲಿ ಸಾಮಾನ್ಯವಾಗಿ 30 ಸೆಂ.ಮೀ. ಎತ್ತರ, 24 ಸೆಂ.ಮೀ. ಸುತ್ತಳತೆ ಇರುತ್ತದೆ. ಇದಕ್ಕೆ 31 ಸೆಂ.ಮೀ. ಅಗಲ, 44 ಸೆಂ.ಮೀ. ಉದ್ದದ ಒಂದು ತುಂಡು ಸಾಕು. 36 ಇಂಚು ಪನ್ನದ 80 ಸೆಂ.ಮೀ. ಬ್ಲೌಸ್ ಪೀಸ್‌ನಲ್ಲಿ ನಾಲ್ಕು ಚೀಲಗಳಾಗುತ್ತವೆ, ಉಳಿದ ಪಟ್ಟಿಯಲ್ಲಿ ಲಾಡಿಗಳೂ ಆಗುತ್ತವೆ. ಹತ್ತಿ ಬಟ್ಟೆಯನ್ನು ಮೊದಲು ಒಗೆದು ಇಸ್ತ್ರಿ ಮಾಡಿಯೇ ಕತ್ತರಿಸಬೇಕು.

ಮೊದಲು ಬಾಯಿಯ ಭಾಗವನ್ನು 1 ಸೆಂ.ಮೀ., ಮತ್ತೆ 3 ಸೆಂ.ಮೀ. ಮಡಚಿ ಹೊಲಿಯಿರಿ. ಬಳಿಕ ಬಟ್ಟೆಯ ಒಳಮೈ ಹೊರಗೆ ಬರುವಂತೆ ಅಗಲವನ್ನು ಅರ್ಧಕ್ಕೆ ಮಡಚಿ. 60 ಸೆಂ.ಮೀ. ಲಾಡಿಯ ನಡುಭಾಗವನ್ನು ಬಾಯಿಯಿಂದ 10 ಸೆಂ.ಮೀ. ಕೆಳಗೆ ಪಕ್ಕದ ಹೊಲಿಗೆಯೊಳಗೆ ಸೇರಿಸಿ, ಪಕ್ಕ ಮತ್ತು ತಳವನ್ನು 1 ಸೆಂ.ಮೀ. ಅಂಚು ಬಿಟ್ಟು ಹೊಲಿಯಿರಿ. ಲಾಡಿಯನ್ನು ಹೀಗೆ ಚೀಲಕ್ಕೇ ಹೊಲಿದರೆ ಅದು ಕಳೆದುಹೋಗುವುದಿಲ್ಲ, ಚೀಲ ಮತ್ತೊಬ್ಬರ ಮನೆಗೂ ಹೋಗಬಹುದು.

ಮುಖ್ಯ ಕೆಲಸ ಇರುವುದು ತಳದಲ್ಲಿ. ತುಂಬಿದ ಬಾಟಲಿ ಒಂದು ಕಿಲೋಕ್ಕಿಂತ ಹೆಚ್ಚು ತೂಗುತ್ತದೆ. ಜರಿ, ಲೇಸ್, ಮಣಿ ಎಂದು ಮೇಲ್ಭಾಗಕ್ಕೆ ಗಂಟೆಗಟ್ಟಲೆ ವ್ಯಯಿಸಿ ತಳಕ್ಕೆ ಒಂದೇ ಹೊಲಿಗೆ ಹಾಕಿದ ಚೀಲಗಳನ್ನು ಎಷ್ಟೋ ಕಡೆ ಕಾಣಬಹುದು. ಅವು ಕೊಡುವಾಗಲೇ ಕೈಕೊಡುತ್ತವೆ. ಆದುದರಿಂದ ತಳಕ್ಕೆ ಎರಡು ಸಾಲು ಹೊಲಿಗೆ ಹಾಕಿ, ತೆಳು ಬಟ್ಟೆಯಾದರೆ ಲೈನಿಂಗ್ ಕೊಡಿ. ನಂತರ ತಳದ ಎರಡೂ ಮೂಲೆಗಳನ್ನು ತ್ರಿಕೋನವಾಗಿ ಚಪ್ಪಟೆ ಮಾಡಿ, ತುದಿಯಿಂದ 3.5 ಸೆಂ.ಮೀ. ಒಳಗೆ 7 ಸೆಂ.ಮೀ. ಉದ್ದದ ಅಡ್ಡ ಹೊಲಿಗೆ ಹಾಕಬೇಕು. ಆಗ ಚೀಲಕ್ಕೆ ಚೌಕಾಕಾರದ ತಳ ಬಂದು ಬಾಟಲಿ ನೇರವಾಗಿ ನಿಲ್ಲುತ್ತದೆ. ಬಾಟಲಿಯನ್ನು ಲಾಡಿಯಿಂದ ಎತ್ತದೆ ತಳಕ್ಕೆ ಕೈಕೊಟ್ಟೇ ಒಯ್ಯಬೇಕೆಂದು ಪಡೆಯುವವರಿಗೂ ತಿಳಿಸಿ.

ಚರ್ಚ್‌ಗಳಲ್ಲಿ ಹಳೆಯ ಪೂಜಾವಸ್ತ್ರ, ಪೀಠದ ಬಟ್ಟೆಗಳು ರಾಶಿ ಬಿದ್ದಿರುತ್ತವೆ. ಸ್ಯಾಟಿನ್, ಜರಿಯ ಅಂಚು ನೋಡಿ ಕತ್ತರಿ ಹಾಕುವ ಮನಸ್ಸಾಗುವುದು ಸಹಜ. ಆದರೆ ದೇವಾರಾಧನೆಗೆಂದು ಆಶೀರ್ವದಿಸಿದ ವಸ್ತುಗಳನ್ನು ಲೌಕಿಕ ಬಳಕೆಗೆ ಹಾಕಬಾರದೆಂದು ಧರ್ಮಸಭೆಯ ಕಾನೂನು ಸಂಹಿತೆಯ 1171ನೇ ನಿಯಮ ಹೇಳುತ್ತದೆ. ಸಂಶಯವಿದ್ದರೆ ಧರ್ಮಗುರುಗಳನ್ನು ಕೇಳಿ.

ಮಳಿಗೆಯಲ್ಲಿ ಮಾರುವುದು ಖಾಲಿ ಚೀಲ ಮಾತ್ರ. ಪರವಾನಗಿ ಇಲ್ಲದೆ ವೈನ್ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ, ಅದು ಮನೆಯ ವೈನ್ ಆದರೂ ಸರಿ. ಕುಡಿತ ಬಿಟ್ಟವರಿರುವ ಮನೆಗೆ ಅದೇ ಚೀಲದಲ್ಲಿ ಜೇನು ಅಥವಾ ಪುನರ್ಪುಳಿ ಶರಬತ್ತು ಕೊಡಬಹುದು.

ಮನೆಯ ವೈನ್‌ನಲ್ಲಿ ಇನ್ನೂ ಗುಳ್ಳೆ ಏಳುತ್ತಿದ್ದರೆ ಬಾಟಲಿಗೆ ಬಿಗಿಯಾಗಿ ಬಿರಡೆ ಹಾಕಬೇಡಿ. ಒಳಗೆ ಅನಿಲ ತುಂಬಿ ಗಾಜು ಒಡೆಯಬಹುದು. ಗುಳ್ಳೆ ಪೂರ್ತಿ ನಿಂತು, ಮಡ್ಡಿ ತಳಕ್ಕಿಳಿದ ಮೇಲೆ ತಿಳಿಯನ್ನು ಸೋಸಿ ತುಂಬಿ. ಬಾಟಲಿಯ ಹೊರಮೈಯನ್ನು ಒರೆಸಿ ಒಣಗಿಸಿದ ನಂತರವೇ ಚೀಲಕ್ಕೆ ಇಳಿಸಿ, ಏಕೆಂದರೆ ದ್ರಾಕ್ಷಿಯ ಕಲೆ ಹತ್ತಿ ಬಟ್ಟೆಯಿಂದ ಸುಲಭವಾಗಿ ಹೋಗುವುದಿಲ್ಲ.