ಮಾಂಡೋವಿ ದಂಡೆಯ ಹಳೆಯ ಮಠ



ಹಳೆಯ ಗೋವೆಗೆ ಹೋದಾಗ ನಾವೆಲ್ಲ ಮೊದಲು ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ದರ್ಶನಕ್ಕೆ ಓಡುತ್ತೇವೆ. ಮಾಂಡೋವಿ ನದಿಯ ದಂಡೆಗೆ ಹತ್ತಿರವೇ, ವೈಸರಾಯ್ ಕಮಾನಿನಿಂದ ತುಸು ದೂರದಲ್ಲಿರುವ ಸಂತ ಕಜೆತಾನರ ದೇವಾಲಯವನ್ನೂ ಅದಕ್ಕೆ ಅಂಟಿಕೊಂಡ ಮಠವನ್ನೂ ನೋಡಲು ಹಲವರಿಗೆ ಸಮಯವೇ ಉಳಿಯುವುದಿಲ್ಲ.

ಇದನ್ನು ಕಟ್ಟಿದವರು ಇಟಲಿಯ ಥಿಯಟೈನ್ ಸಭೆಯ ಗುರುಗಳು. ಸಂತ ಕಜೆತಾನರು ಸಂಗಡಿಗರೊಡನೆ 1524ರಲ್ಲಿ ಸ್ಥಾಪಿಸಿದ ಈ ಸಭೆಯವರು ಭಿಕ್ಷೆಯನ್ನೂ ಬೇಡದೆ, ದೇವರ ಪಾಲನೆಯನ್ನೇ ನಂಬಿ ಬಾಳುತ್ತಿದ್ದರು. ಜಗದ್ಗುರು ಎಂಟನೆಯ ಅರ್ಬನ್ ಅವರನ್ನು ಕಳುಹಿಸಿದ್ದು ಗೋವೆಗಲ್ಲ, ಗೋಲ್ಕೊಂಡ ರಾಜ್ಯಕ್ಕೆ. ಅಲ್ಲಿ ಬಾಗಿಲು ತೆರೆಯಲಿಲ್ಲ. 1640ರಲ್ಲಿ ಅವರು ಗೋವೆಯಲ್ಲಿ ನೆಲೆಸಿದರು. ಜಂಬಿಟ್ಟಿಗೆಯಿಂದ ಕಟ್ಟಿ ಸುಣ್ಣದ ಗಾರೆ ಬಳಿದ ದೇವಾಲಯವನ್ನು ದೇವರ ಪಾಲನೆಯ ಮಾತೆಗೆ ಅರ್ಪಿಸಿದರು. ರೋಮಿನ ಸಂತ ಪೇತ್ರರ ಮಹಾದೇವಾಲಯವೇ ಅದಕ್ಕೆ ಮಾದರಿ. ಮೇಲೆ ದೊಡ್ಡ ಗುಮ್ಮಟವಿದೆ.

ಅಷ್ಟರಲ್ಲಾಗಲೇ ಸಾಂಕ್ರಾಮಿಕ ರೋಗಗಳು ನಗರವನ್ನು ಖಾಲಿ ಮಾಡತೊಡಗಿದ್ದವು. 1835ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಪೋರ್ಚುಗೀಸ್ ಸರ್ಕಾರ ಗೋವೆಯ ಸನ್ಯಾಸಿ ಸಭೆಗಳನ್ನು ರದ್ದುಮಾಡಿ ಮಠಗಳನ್ನು ವಶಪಡಿಸಿಕೊಂಡಿತು. ಸಮೀಪದ ಪವಿತ್ರ ಗುಡ್ಡದ ಮೇಲಿನ ಸಂತ ಅಗಸ್ತೀನರ ದೇವಾಲಯವೂ ಆಗ ಬರಿದಾಯಿತು. ಏಳೇ ವರ್ಷಗಳಲ್ಲಿ, 1842ರಲ್ಲಿ, ಅದರ ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗವೂ ಬಿತ್ತು. ಇಂದು ಅಲ್ಲಿ ಅರ್ಧ ಗೋಪುರ ಮಾತ್ರ ನಿಂತಿದೆ.

ಕಜೆತಾನರ ಮಠ ಉಳಿಯಿತು. ಸನ್ಯಾಸಿಗಳು ಹೋದ ಮೇಲೂ ಅದು ಬಳಕೆಯಲ್ಲಿತ್ತು. ಈಗ ಅಲ್ಲಿ ಗೋವೆ ಧರ್ಮಸಭೆಯ ಸಂತ ಹತ್ತನೆಯ ಪಿಯೂಸರ ಪಾಲನಾ ಸಂಸ್ಥೆ ಇದೆ. ದೇವರ ಪಾಲನೆಯನ್ನು ನಂಬಿದವರ ಮನೆ ಇಂದು ಜನರ ಪಾಲನೆಗೆ ಸಜ್ಜುಗೊಳಿಸುವ ಮನೆಯಾಗಿದೆ.

ಒಂದೇ ಊರು, ಒಂದೇ ಮಳೆಗಾಲ, ಒಂದೇ ಆಜ್ಞೆ. ಆದರೂ ಒಂದು ಬಿತ್ತು, ಒಂದು ನಿಂತಿತು. ಜಂಬಿಟ್ಟಿಗೆಯ ಗೋಡೆಗೆ ವರ್ಷವರ್ಷವೂ ಗಾರೆ ಬೇಕು, ಮಾಡಿಗೆ ಹಂಚು ಬೇಕು. ಮನೆಯೊಳಗೆ ಜನರಿದ್ದರೆ ತಾನೇ ಸೋರುವುದು ಕಣ್ಣಿಗೆ ಬೀಳುವುದು?

ನಮ್ಮ ಧರ್ಮಕೇಂದ್ರಗಳಲ್ಲೂ ಬೀಗ ಹಾಕಿದ ಹಳೆಯ ಶಾಲೆಯ ಕೋಣೆ, ಬಳಸದ ಸಭಾಂಗಣ ಇರಬಹುದು. ಹಿರಿಯರು ಬೆವರು ಸುರಿಸಿ ಕಟ್ಟಿದ್ದು ಅದು. ಕೆಡವಬೇಕೋ ಉಳಿಸಬೇಕೋ ಎಂದು ಚರ್ಚಿಸುವ ಮೊದಲು ನಾವು ಬಾಗಿಲು ತೆರೆದು, ಕಸ ಗುಡಿಸಿ, ಅಲ್ಲೇ ಒಂದು ಸಂಜೆ ಸೇರೋಣ. ಉಳಿಸುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.