ತುಂಗಭದ್ರಾ ಮಂಡಳಿ

ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯದ ನೀರನ್ನು ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣಕ್ಕೆ ಹಂಚುವ ಅಂತರರಾಜ್ಯ ಸಂಸ್ಥೆ. ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ ಕೂಡಿ 1945ರಲ್ಲಿ ಅಣೆಕಟ್ಟೆಯ ಕೆಲಸ ಆರಂಭಿಸಿದವು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿ ಬಳ್ಳಾರಿ ಸೀಮೆ ಮೈಸೂರಿಗೆ ಸೇರಿದಾಗ, ಅಣೆಕಟ್ಟೆ ಒಂದೆಡೆ, ಕಾಲುವೆಯ ಕೊನೆ ಇನ್ನೊಂದೆಡೆ ಆಯಿತು. ಮಂಡಳಿ ಬಂದದ್ದು ಇದರಿಂದ. ಅಧ್ಯಕ್ಷರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ. ಖರ್ಚನ್ನು ರಾಜ್ಯಗಳು ಭರಿಸುತ್ತವೆ.

ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಈ ಜಲಾಶಯಕ್ಕೆ ಆವಿಯಾಗುವ 18 ಟಿಎಂಸಿ ಸೇರಿ 230 ಟಿಎಂಸಿ ಲೆಕ್ಕ ಹಾಕಿತ್ತು. ಹೊಳೆಗೆ ಎಷ್ಟು ನೀರು ಬಂದೀತೆಂದು ವರ್ಷವರ್ಷವೂ ಅಂದಾಜು ಮಾಡಿ, ಅದೇ ಪ್ರಮಾಣದಲ್ಲಿ ಮಂಡಳಿ ಪಾಲು ನಿಗದಿ ಮಾಡುತ್ತದೆ. ಬರ ಬಂದರೆ ಎಲ್ಲರ ಪಾಲೂ ಇಳಿಯುತ್ತದೆ. ಈ ಏರ್ಪಾಡಿನ ನಿಜವಾದ ಬಲ ಇದೇ.

ಹಂಚಿಕೆಗಿಂತ ಕಗ್ಗಂಟಾಗಿರುವುದು ಹೂಳು. ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಈಗ 105ರ ಆಸುಪಾಸಿಗೆ ಕುಸಿದಿದೆ. ಪರಿಹಾರವಾಗಿ ಕರ್ನಾಟಕ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಮುಂದಿಟ್ಟಿದೆ. ಹೂಳಿನ ಜೊತೆಗೆ ಕಟ್ಟೆಯ ನಿರ್ವಹಣೆಯೂ ತೊಡಕಾಗಿದೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ ಅಪಾರ ನೀರು ಹೊಳೆಪಾಲಾಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದು ಮೆಚ್ಚತಕ್ಕ ಕೆಲಸ. ಆದರೂ ನೀರು ಹಂಚುವುದರಲ್ಲಿ ತೋರಿದ ಶಿಸ್ತನ್ನು ಕಟ್ಟೆಯ ನಿರ್ವಹಣೆಯಲ್ಲಿ ಮಂಡಳಿ ತೋರಲಿಲ್ಲ.