ಬೇಯಿಸಿದ ಸಾಲ್ಮನ್ ಮೀನಿನ ಪೌಷ್ಟಿಕತೆ

ಸಾಲ್ಮನ್ ಉತ್ತರ ಅಟ್ಲಾಂಟಿಕ್ ಹಾಗೂ ಉತ್ತರ ಪೆಸಿಫಿಕ್ ಸಾಗರಗಳಲ್ಲಿಯೂ ಅವುಗಳನ್ನು ಸೇರುವ ನದಿಗಳಲ್ಲಿಯೂ ವಾಸಿಸುವ, ಕೊಬ್ಬಿನಂಶ ಹೆಚ್ಚಿರುವ ಮೀನು. ನಾರ್ವೆ, ಚಿಲಿ ಮೊದಲಾದ ದೇಶಗಳಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಸಾಕುತ್ತಾರೆ. ಬೇಯಿಸಿದ ಸಾಲ್ಮನ್ ಉತ್ತಮ ಗುಣಮಟ್ಟದ ಪ್ರೋಟೀನ್, ಒಮೆಗಾ-3 ಕೊಬ್ಬಿನಾಮ್ಲಗಳು, ಡಿ ಜೀವಸತ್ವ, ಬಿ12 ಜೀವಸತ್ವ ಮತ್ತು ಸೆಲೆನಿಯಂಗಳ ಆಕರವಾಗಿದೆ.

ಪೋಷಕಾಂಶಗಳು

ಎಣ್ಣೆ ಬಳಸದೆ ಒಣ ಶಾಖದಲ್ಲಿ ಬೇಯಿಸಿದ 100 ಗ್ರಾಂ ಸಾಕಣೆಯ ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಸುಮಾರು 206 ಕಿಲೋಕ್ಯಾಲರಿ, 22 ಗ್ರಾಂ ಪ್ರೋಟೀನ್ ಮತ್ತು 12 ಗ್ರಾಂ ಕೊಬ್ಬು ಇರುತ್ತವೆ. ಸಹಜವಾಗಿ ಬೆಳೆದ ಅದೇ ಜಾತಿಯ ಮೀನಿನಲ್ಲಿ ಕೊಬ್ಬು ಸುಮಾರು 8 ಗ್ರಾಂ ಮಾತ್ರ. ಬಿ12 ಜೀವಸತ್ವವು ವಯಸ್ಕರ ಒಂದು ದಿನದ ಅಗತ್ಯವನ್ನು ಪೂರೈಸುವಷ್ಟಿದೆ. ಸೂರ್ಯನ ಬೆಳಕು ಕಡಿಮೆಯಿರುವ ಉತ್ತರದ ದೇಶಗಳಲ್ಲಿ ಇದರ ಡಿ ಜೀವಸತ್ವಕ್ಕೆ ವಿಶೇಷ ಬೆಲೆಯಿದೆ. ಇಷ್ಟು ಡಿ ಜೀವಸತ್ವವನ್ನು ಸಹಜವಾಗಿ ಒದಗಿಸುವ ಆಹಾರಗಳು ವಿರಳ.

ಇದರ ಖ್ಯಾತಿಗೆ ಮುಖ್ಯ ಕಾರಣ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು. 1970ರ ದಶಕದಲ್ಲಿ ಡೆನ್ಮಾರ್ಕಿನ ಬಾಂಗ್ ಮತ್ತು ಡೈರ್‌ಬರ್ಗ್ ಗ್ರೀನ್‌ಲೆಂಡಿನ ಇನ್ಯೂಟ್ ಜನರ ಮೇಲೆ ನಡೆಸಿದ ಅಧ್ಯಯನಗಳು ಇವುಗಳತ್ತ ಗಮನ ಸೆಳೆದವು. ಆ ಜನರ ಆಹಾರದಲ್ಲಿ ಪ್ರಧಾನವಾಗಿದ್ದುದು ಸಾಲ್ಮನ್ ಅಲ್ಲ, ಸೀಲ್ ಮತ್ತು ತಿಮಿಂಗಿಲಗಳ ಮಾಂಸ ಎಂಬುದನ್ನು ಮರೆಯಬಾರದು.

ಬೇಯಿಸುವ ವಿಧಾನ

ಹಬೆಯಲ್ಲಿ ಅಥವಾ ಒಲೆಯಲ್ಲಿ ಹದವಾಗಿ ಬೇಯಿಸಿದರೆ ಪೋಷಕಾಂಶಗಳು ಬಹುಮಟ್ಟಿಗೆ ಉಳಿಯುತ್ತವೆ. ಮೀನಿನ ಒಳಭಾಗವು 63 ಡಿಗ್ರಿ ಸೆಲ್ಸಿಯಸ್ ತಲುಪಬೇಕೆಂಬುದು ಅಮೆರಿಕದ ಆಹಾರ ಸುರಕ್ಷತಾ ಸಲಹೆ. ಇದರಿಂದ ಪರೋಪಜೀವಿ ಹುಳುಗಳು ನಾಶವಾಗುತ್ತವೆ. ಹೆಚ್ಚು ಎಣ್ಣೆಯಲ್ಲಿ ಕರಿದರೆ ಕ್ಯಾಲರಿ ಏರುತ್ತದೆ. ಹೊಗೆಯಾಡಿಸಿದ ಸಾಲ್ಮನ್‌ನಲ್ಲಿ ಉಪ್ಪು ಅಧಿಕವಾಗಿರುವುದರಿಂದ ರಕ್ತದೊತ್ತಡವುಳ್ಳವರಿಗೆ ಅದು ಬೇಯಿಸಿದ ಮೀನಿಗೆ ಸಮನಲ್ಲ. ಡಬ್ಬಿಯಲ್ಲಿ ಬರುವ ಸಾಲ್ಮನ್‌ನ ಮೆತ್ತಗಾದ ಮುಳ್ಳುಗಳನ್ನೂ ತಿಂದರೆ ಕ್ಯಾಲ್ಸಿಯಂ ದೊರೆಯುತ್ತದೆ.

ಸಮತೋಲಿತ ಆಹಾರದಲ್ಲಿ

ಸಾಲ್ಮನ್‌ನಲ್ಲಿ ನಾರಿನಂಶ ಮತ್ತು ಪಿಷ್ಟ ಇಲ್ಲ. ಸಿ ಜೀವಸತ್ವ ಅತ್ಯಲ್ಪ. ಆದ್ದರಿಂದ ಧಾನ್ಯ, ಕಾಳು, ತರಕಾರಿ, ಹಣ್ಣುಗಳ ಜೊತೆಗಷ್ಟೇ ಇದು ಪೂರ್ಣ ಊಟವಾಗುತ್ತದೆ. ವಾರಕ್ಕೆ ಎರಡು ಬಾರಿ, ಪ್ರತಿಸಲ ಬೇಯಿಸಿದ ಸುಮಾರು 85 ಗ್ರಾಂ ಮೀನನ್ನು ಸೇವಿಸಬಹುದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸೂಚಿಸುತ್ತದೆ. ಸಾಲ್ಮನ್‌ನಲ್ಲಿ ಪಾದರಸ ಕಡಿಮೆಯಿರುವುದರಿಂದ ಗರ್ಭಿಣಿಯರಿಗೂ ಬೇಯಿಸಿದ ಸಾಲ್ಮನ್ ಸೂಕ್ತ ಮೀನುಗಳಲ್ಲಿ ಒಂದು. ಮೀನಿನ ಅಲರ್ಜಿ ಇರುವವರು ಇದನ್ನು ವರ್ಜಿಸಬೇಕು.

ಭಾರತದಲ್ಲಿ

ಭಾರತದ ಮಾರುಕಟ್ಟೆಗಳಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಮಾರುವ ರಾವಸ್ ಬೇರೊಂದು ಕುಟುಂಬದ ಮೀನು. ಮೇಲಿನ ಅಂಕಿಗಳು ಅದಕ್ಕೆ ಅನ್ವಯಿಸುವುದಿಲ್ಲ. ನಿಜವಾದ ಸಾಲ್ಮನ್ ಆಮದಾಗಿ ಬರುವುದರಿಂದ ದುಬಾರಿ. ಕರ್ನಾಟಕದ ಕರಾವಳಿಯಲ್ಲಿ ಅದಕ್ಕಿಂತ ಬಹಳ ಅಗ್ಗವಾಗಿ ಸಿಗುವ ಬೂತಾಯಿ (ಬೈಗೆ) ಮತ್ತು ಬಂಗುಡೆಗಳಲ್ಲಿಯೂ ಇಪಿಎ, ಡಿಎಚ್‌ಎ ಇವೆ. ಸಸ್ಯಾಹಾರಿಗಳು ಬಳಸುವ ಅಗಸೆಬೀಜದಲ್ಲಿರುವುದು ಬೇರೆ ಬಗೆಯ ಒಮೆಗಾ-3. ಅದರ ಸ್ವಲ್ಪ ಭಾಗ ಮಾತ್ರ ದೇಹದಲ್ಲಿ ಇಪಿಎ ಮತ್ತು ಡಿಎಚ್‌ಎ ಆಗಿ ಮಾರ್ಪಡುತ್ತದೆ.